ಕಡಲಂಚಿನ ರಸ್ತೆ, ಮಹಲುಗಳ ಬೀದಿ: ನ್ಯೂಪೋರ್ಟ್ ಪಟ್ಟಣದ ಪ್ರವಾಸಿ ವಹಿವಾಟು

ಸರಕು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು, ತಕ್ಕಡಿಗೆ ಬರಬೇಕು ಎಂಬುದು ವರ್ತಕನ ಸಹಜ ತಿಳಿವಳಿಕೆ. ಆದರೆ ಸಮುದ್ರದ ನೋಟವನ್ನೂ, ಮುಚ್ಚಿದ ಗೇಟುಗಳನ್ನೂ, ಗತಿಸಿ ನೂರು ವರ್ಷಗಳಾದ ಸಿರಿವಂತರ ಕಥೆಗಳನ್ನೂ ಸರಕಾಗಿಸಿಕೊಂಡು ಬದುಕು ಸಾಗಿಸುತ್ತಿರುವ ಪಟ್ಟಣವೊಂದು ಅಮೆರಿಕದ ಈಶಾನ್ಯ ಕರಾವಳಿಯಲ್ಲಿದೆ. ಆ ದೇಶದ ಐವತ್ತು ರಾಜ್ಯಗಳಲ್ಲಿ ವಿಸ್ತೀರ್ಣದಲ್ಲಿ ಅತ್ಯಂತ ಚಿಕ್ಕದಾದ ರೋಡ್ ಐಲೆಂಡ್ ರಾಜ್ಯದಲ್ಲಿ, ಅಕ್ವಿಡ್ನೆಕ್ ದ್ವೀಪದ ದಕ್ಷಿಣ ತುದಿಯಲ್ಲಿರುವ ಈ ಪಟ್ಟಣದ ಹೆಸರು ನ್ಯೂಪೋರ್ಟ್. ಜನಸಂಖ್ಯೆ ಸುಮಾರು 25,000. ನಮ್ಮ ಕಡೆಯ ಒಂದು ಸಾಧಾರಣ ಹೋಬಳಿ ಪಟ್ಟಣದಷ್ಟು.

ಬಂದರಿನ ಬಳಿಯ ಪ್ರವಾಸಿ ಕೇಂದ್ರದಿಂದ ಹಳೆಯ ಟ್ರಾಮ್ ಗಾಡಿಯ ವೇಷ ತೊಟ್ಟ ಬಸ್ಸುಗಳು ಹೊರಡುತ್ತವೆ. ಒಂದು ಸುತ್ತಿನಲ್ಲಿ ಅವು ಬೆಲ್‌ವ್ಯೂ ಅವೆನ್ಯೂ ಎಂಬ ಮಹಲುಗಳ ಬೀದಿಯನ್ನೂ, ಟೆನ್ ಮೈಲ್ ಡ್ರೈವ್ ಎಂದು ಹೆಸರಾದ ಓಷನ್ ಡ್ರೈವ್ ಕಡಲಂಚಿನ ರಸ್ತೆಯನ್ನೂ ಕ್ರಮಿಸುತ್ತವೆ. ಧ್ವನಿವರ್ಧಕ ಹಿಡಿದ ಮಾರ್ಗದರ್ಶಿಯೊಬ್ಬನು ದಾರಿಯುದ್ದಕ್ಕೂ ವಿವರಣೆ ನೀಡುತ್ತಾನೆ. ಕಡಲು ಯಾರ ಸ್ವತ್ತೂ ಅಲ್ಲ. ಈ ರಸ್ತೆಗೆ ಸುಂಕವಿಲ್ಲ. ಇಕ್ಕೆಲಗಳ ಮನೆಗಳಲ್ಲಿ ಹೆಚ್ಚಿನವು ಇಂದಿಗೂ ಖಾಸಗಿ. ಹಾಗಿದ್ದರೆ ಇಲ್ಲಿ ಮಾರಾಟವಾಗುತ್ತಿರುವುದಾದರೂ ಏನು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಪಟ್ಟಣವು ಪದೇಪದೇ ಕೆಟ್ಟು ಮತ್ತೆ ಬದುಕಿಕೊಂಡ ಬಗೆಯನ್ನು ನೋಡಬೇಕಾಗುತ್ತದೆ.

ದರ್ಜಿಯೊಬ್ಬನ ದೂರದೃಷ್ಟಿ

1639ರಲ್ಲಿ ಸ್ಥಾಪನೆಯಾದ ನ್ಯೂಪೋರ್ಟ್ ಹದಿನೆಂಟನೆಯ ಶತಮಾನದಲ್ಲಿ ಆ ಖಂಡದ ಪ್ರಮುಖ ಬಂದರುಗಳಲ್ಲಿ ಒಂದಾಗಿತ್ತು. ರಮ್ ಮದ್ಯ, ತಿಮಿಂಗಿಲದ ಕೊಬ್ಬಿನ ಮೇಣದ ಬತ್ತಿ ಇಲ್ಲಿನ ಮುಖ್ಯ ಸರಕುಗಳು. ಗುಲಾಮರ ವ್ಯಾಪಾರದಿಂದ ಬಂದ ಹಣವೂ ಆ ಸಿರಿಯಲ್ಲಿ ಸೇರಿತ್ತು ಎಂಬುದನ್ನು ಮರೆಮಾಚುವಂತಿಲ್ಲ. ಸ್ವಾತಂತ್ರ್ಯ ಸಮರದಲ್ಲಿ 1776ರಿಂದ 1779ರವರೆಗೆ ಬ್ರಿಟಿಷ್ ಸೇನೆ ಪಟ್ಟಣವನ್ನು ವಶದಲ್ಲಿಟ್ಟುಕೊಂಡಿತು. ವರ್ತಕರು ಊರು ಬಿಟ್ಟರು. ಹೋದ ವ್ಯಾಪಾರ ಮರಳಿ ಬರಲಿಲ್ಲ. ಉಳಿದದ್ದು ತಂಪು ಗಾಳಿ ಮತ್ತು ಸಮುದ್ರ.

ಅದೇ ಗಾಳಿಗೆ ಬೆಲೆ ಕಟ್ಟಿದವನು ಆಲ್‌ಫ್ರೆಡ್ ಸ್ಮಿತ್ ಎಂಬಾತ. ವೃತ್ತಿಯಿಂದ ದರ್ಜಿ. ನ್ಯೂಯಾರ್ಕಿನಲ್ಲಿ ಸಿರಿವಂತರ ಬಟ್ಟೆ ಹೊಲಿಯುತ್ತಾ ಅವರ ಬೇಸಿಗೆಯ ಬೇಗುದಿಯನ್ನು ಅರಿತಿದ್ದ ಈತ ಹುಟ್ಟೂರಿಗೆ ಹಿಂದಿರುಗಿ ಭೂಮಿಯ ವ್ಯವಹಾರಕ್ಕೆ ಇಳಿದನು. 1850ರ ದಶಕದ ಆರಂಭದಲ್ಲಿ ಜೋಸೆಫ್ ಬೇಯ್ಲಿ ಎಂಬವನೊಡನೆ ಪಾಲುಗಾರಿಕೆಯಲ್ಲಿ ಹೊಲಗದ್ದೆಗಳನ್ನು ಕೊಂಡು, ಬೆಲ್‌ವ್ಯೂ ಅವೆನ್ಯೂವನ್ನು ದಕ್ಷಿಣದ ಕಡಲತೀರದವರೆಗೂ ವಿಸ್ತರಿಸಿ, ಎರಡು ಬದಿಯಲ್ಲೂ ನಿವೇಶನಗಳನ್ನು ಮಾರಿದನು. ಮೊದಲು ರಸ್ತೆ, ಆಮೇಲೆ ಗಿರಾಕಿ ಎಂಬ ಈ ಕ್ರಮ ಇಂದಿನ ಬಡಾವಣೆ ನಿರ್ಮಾಪಕರಿಗೆ ಹೊಸದೇನಲ್ಲ. ಅಳತೆ ಪಟ್ಟಿ ಹಿಡಿದು ಬೆಳೆದವನಾದ್ದರಿಂದಲೋ ಏನೋ, ಆತನ ಲೆಕ್ಕ ತಪ್ಪಲಿಲ್ಲ.

ಹೀಗೆ ಬಂದು ನೆಲೆಸಿದವರು ಚೀನಾ ವ್ಯಾಪಾರದಲ್ಲಿ ಗಳಿಸಿದ ವೆಟ್‌ಮೋರ್, ರೈಲು ಮಾರ್ಗಗಳ ಒಡೆಯರಾದ ವಾಂಡರ್‌ಬಿಲ್ಟ್ ಕುಟುಂಬದವರು, ಕಲ್ಲಿದ್ದಲಿನ ದೊರೆ ಬರ್ವಿಂಡ್, ನೆವಾಡದ ಬೆಳ್ಳಿಗಣಿಯ ಸಂಪತ್ತಿಗೆ ವಾರಸುದಾರಳಾದ ಶ್ರೀಮತಿ ಓಲ್‌ರಿಕ್ಸ್ ಮೊದಲಾದವರು. ವರ್ಷದಲ್ಲಿ ಕೆಲವೇ ವಾರ ತಂಗಲೆಂದು ಅವರು ಕಟ್ಟಿಸಿದ ಮಹಲುಗಳನ್ನು ‘ಕಾಟೇಜ್’ ಎಂದು ಕರೆದುಕೊಂಡರು. ‘ಬಡವರ ಮನೆಗೆ ದಯಮಾಡಿಸಿ’ ಎಂದು ನಮ್ಮಲ್ಲಿ ಸಾಹುಕಾರರು ವಿನಯ ತೋರುವುದಿಲ್ಲವೇ, ಅದೇ ಧಾಟಿ. 1892ರಲ್ಲಿ ಪೂರ್ಣಗೊಂಡ ಮಾರ್ಬಲ್ ಹೌಸ್ ಎಂಬ ‘ಕುಟೀರ’ಕ್ಕೆ ತಗುಲಿದ ವೆಚ್ಚ 1 ಕೋಟಿ 10 ಲಕ್ಷ ಡಾಲರು ಎನ್ನಲಾಗಿದೆ, ಅದರಲ್ಲಿ 70 ಲಕ್ಷ ಡಾಲರು ಕೇವಲ ಅಮೃತಶಿಲೆಗೆ. 1895ರಲ್ಲಿ ಸಿದ್ಧವಾದ ದಿ ಬ್ರೇಕರ್ಸ್ ಮಹಲಿನಲ್ಲಿ 70 ಕೋಣೆಗಳಿವೆ. ಅದೇ ಜಾಗದಲ್ಲಿದ್ದ ಹಳೆಯ ಮರದ ಮನೆ 1892ರಲ್ಲಿ ಬೆಂಕಿಗೆ ಆಹುತಿಯಾಗಿದ್ದರಿಂದ, ಎರಡನೆಯ ಕಾರ್ನೀಲಿಯಸ್ ವಾಂಡರ್‌ಬಿಲ್ಟ್ ಹೊಸ ಕಟ್ಟಡದ ಚೌಕಟ್ಟಿಗೆ ಮರ ಬಳಸಕೂಡದೆಂದು ಆಜ್ಞಾಪಿಸಿ, ಬಾಯ್ಲರನ್ನೂ ಮನೆಯಿಂದ ದೂರದಲ್ಲಿ ನೆಲದಡಿಯಲ್ಲಿ ಇಡಿಸಿದನು. ಆದರೆ ಆ ಮನೆಯ ಸುಖ ಆತನಿಗೆ ಬಹುಕಾಲ ದಕ್ಕಲಿಲ್ಲ. 1899ರಲ್ಲಿ, 55ರ ವಯಸ್ಸಿನಲ್ಲಿ ತೀರಿಕೊಂಡನು.

ಬಾಗಿಲು ತೆರೆದ ಬಗೆ

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಗೆ ಈ ಬೀದಿಯಷ್ಟು ಒಳ್ಳೆಯ ಸಾಕ್ಷಿ ವಿರಳ. 1913ರಲ್ಲಿ ಆದಾಯ ತೆರಿಗೆ ಬಂತು. 1929ರ ಆರ್ಥಿಕ ಕುಸಿತ ಬಂತು. 1938ರ ಚಂಡಮಾರುತ ಕರಾವಳಿಯನ್ನು ಹೊಡೆದು ಹಾಕಿತು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಹತ್ತಾರು ಆಳುಗಳನ್ನಿಟ್ಟು ಇಂಥ ಮನೆ ನಡೆಸುವ ಶಕ್ತಿ ವಾರಸುದಾರರಲ್ಲಿ ಉಳಿದಿರಲಿಲ್ಲ. ಓಕರ್ ಕೋರ್ಟ್ ಎಂಬ ಮಹಲನ್ನು 1947ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಸಂಘಕ್ಕೆ ದಾನ ಮಾಡಲಾಯಿತು. ಇಂದಿನ ಸಾಲ್ವೆ ರೆಜೀನಾ ವಿಶ್ವವಿದ್ಯಾಲಯ ಅಲ್ಲಿ ಆರಂಭವಾಯಿತು. ಇನ್ನು ಕೆಲವು ಮನೆಗಳು ಕೆಡವುವವರ ಪಾಲಾದವು.

1945ರಲ್ಲಿ ಊರಿನ ಆಸಕ್ತರು ಸೇರಿ ನ್ಯೂಪೋರ್ಟ್ ಕೌಂಟಿಯ ಪ್ರಿಸರ್ವೇಶನ್ ಸೊಸೈಟಿಯನ್ನು ಸ್ಥಾಪಿಸಿದರು. ಅವರ ಮೊದಲ ಉದ್ದೇಶ ಮಹಲುಗಳಲ್ಲ, ಹದಿನೆಂಟನೆಯ ಶತಮಾನದ ಹಂಟರ್ ಹೌಸ್ ಎಂಬ ಮನೆಯ ರಕ್ಷಣೆ. ಅದಕ್ಕೆ ಹಣ ಬೇಕಿತ್ತು. ಬ್ರೇಕರ್ಸ್‌ನ ಅಂದಿನ ಒಡತಿ, ಕಾರ್ನೀಲಿಯಸ್‌ನ ಮಗಳು ಕೌಂಟೆಸ್ ಗ್ಲ್ಯಾಡಿಸ್ ಸೆಚೆನಿ, 1948ರಲ್ಲಿ ತನ್ನ ಮನೆಯನ್ನು ವರ್ಷಕ್ಕೆ ಒಂದು ಡಾಲರಿನ ನಾಮಮಾತ್ರ ಬಾಡಿಗೆಗೆ ಸೊಸೈಟಿಗೆ ನೀಡಿದಳು. ಟಿಕೆಟು ಕೊಟ್ಟು ಮನೆ ನೋಡಲು ಜನ ಬಂದರು. ಎಷ್ಟು ಬಂದರೆಂದರೆ, ಹಣ ಕೂಡಿಸುವ ಉಪಾಯವೇ ಮುಂದೆ ಸಂಸ್ಥೆಯ ಮುಖ್ಯ ಕಸುಬಾಯಿತು. 1962ರಲ್ಲಿ ಬರ್ವಿಂಡ್ ಕುಟುಂಬದ ದಿ ಎಲ್ಮ್ಸ್ ಮನೆಯ ಸಾಮಾನುಗಳು ಹರಾಜಾಗಿ, ಕಟ್ಟಡವನ್ನು ನೆಲಸಮಗೊಳಿಸಲು ಕೆಲವೇ ವಾರಗಳಿರುವಾಗ ಸೊಸೈಟಿಯು 1,16,000 ಡಾಲರಿಗೆ ಅದನ್ನು ಕೊಂಡು ಉಳಿಸಿತು. ಮರುವರ್ಷ ಮಾರ್ಬಲ್ ಹೌಸ್ ಕೈಸೇರಿತು. 1972ರಲ್ಲಿ ಬ್ರೇಕರ್ಸ್ ಕಟ್ಟಡವನ್ನೇ 3,65,000 ಡಾಲರಿಗೆ ಖರೀದಿಸಲಾಯಿತು.

ಈ ಖರೀದಿಗಳ ಮಹತ್ವ ಊರಿಗೆ ಮನವರಿಕೆಯಾದದ್ದು ಅದರ ಮರುವರ್ಷ. 1973ರಲ್ಲಿ ಅಮೆರಿಕದ ನೌಕಾದಳವು ತನ್ನ ಕ್ರೂಸರ್ ಮತ್ತು ಡೆಸ್ಟ್ರಾಯರ್ ಹಡಗುಗಳನ್ನು ಇಲ್ಲಿಂದ ಬೇರೆಡೆಗೆ ಸ್ಥಳಾಂತರಿಸುವುದಾಗಿ ಪ್ರಕಟಿಸಿತು. ನಾವಿಕರ ಸಂಬಳವನ್ನೇ ನಂಬಿದ್ದ ಬಾಡಿಗೆ ಮನೆ, ಹೋಟೆಲು, ಬಟ್ಟೆ ಅಂಗಡಿ, ಮದ್ಯದಂಗಡಿಗಳೆಲ್ಲ ಒಮ್ಮೆಲೇ ಕಂಗಾಲಾದವು. ದೊಡ್ಡ ಗಿರಾಕಿಯೊಬ್ಬನನ್ನೇ ನೆಚ್ಚಿ ಕೂತ ಸಣ್ಣ ಉದ್ದಿಮೆದಾರರಿಗೆ ಈ ಅನುಭವವನ್ನು ಬಿಡಿಸಿ ಹೇಳಬೇಕಾಗಿಲ್ಲ. 1983ರಲ್ಲಿ ಇನ್ನೊಂದು ಪೆಟ್ಟು: 1930ರಿಂದ ಇಲ್ಲಿನ ಕಡಲಿನಲ್ಲಿ ನಡೆಯುತ್ತಿದ್ದ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯವನ್ನು ಆಸ್ಟ್ರೇಲಿಯಾದ ದೋಣಿ ಗೆದ್ದುಕೊಂಡದ್ದರಿಂದ ಆ ಪಂದ್ಯವೂ ಊರು ಬಿಟ್ಟಿತು. ಕೈಯಲ್ಲಿ ಉಳಿದದ್ದು ಮಹಲುಗಳ ಬೀದಿ, ಕಡಲ ರಸ್ತೆ ಮತ್ತು 1969ರಲ್ಲಿ ತೆರೆದಿದ್ದ ತೂಗುಸೇತುವೆ. ಪಶ್ಚಿಮದ ಕಡೆಯಿಂದ ಬರುವವರು ಅದಕ್ಕೆ ಮುಂಚೆ ದೋಣಿಗಾಗಿ ಕಾಯಬೇಕಿತ್ತು. ಸೇತುವೆಯಾದ ಮೇಲೆ ನ್ಯೂಯಾರ್ಕಿನಿಂದ ಕಾರಿನಲ್ಲಿ ನೇರವಾಗಿ ಬರುವುದು ಸುಲಭವಾಯಿತು.

ಬೇಲಿಯಾಚೆಯ ಕಥೆ

ಬೆಲ್‌ವ್ಯೂ ಬೀದಿಯಲ್ಲಿ ಬಸ್ಸು ಸಾಗುವಾಗ ಪ್ರವಾಸಿಗೆ ನಿಜವಾಗಿ ಕಾಣುವುದು ಬಹಳ ಕಡಿಮೆ. ಎತ್ತರದ ಗಿಡಬೇಲಿ, ಕಬ್ಬಿಣದ ಗೇಟು, ಮರಗಳ ನಡುವೆ ಹೊಗೆಗೂಡುಗಳ ತುದಿ. ಉಳಿದದ್ದನ್ನೆಲ್ಲ ಮಾರ್ಗದರ್ಶಿಯ ಮಾತು ತುಂಬಬೇಕು. ಮಾತಿನ ಬೆಲೆ ತಿಳಿಯುವುದು ಇಲ್ಲಿಯೇ. ಕೋಣೆಗಳ ಸಂಖ್ಯೆ, ಶಿಲ್ಪಿಯ ಹೆಸರು, ಇಸವಿಗಳನ್ನು ಒಪ್ಪಿಸಿಬಿಡುವ ಮಾರ್ಗದರ್ಶಿಯನ್ನು ಜನ ಹತ್ತು ನಿಮಿಷದಲ್ಲಿ ಮರೆಯುತ್ತಾರೆ. ಬ್ರೇಕರ್ಸ್‌ನ ಸ್ನಾನಗೃಹದಲ್ಲಿ ಸಿಹಿನೀರಿಗೂ ಸಮುದ್ರದ ನೀರಿಗೂ ಬೇರೆಬೇರೆ ನಲ್ಲಿಗಳಿದ್ದವು, ಒಂದೇ ಕಲ್ಲಿನಲ್ಲಿ ಕೊರೆದ ತೊಟ್ಟಿ ತಣ್ಣಗಿರುತ್ತಿದ್ದುದರಿಂದ ಬಿಸಿನೀರನ್ನು ಹಲವು ಬಾರಿ ತುಂಬಿ ಚೆಲ್ಲಿದ ಮೇಲಷ್ಟೇ ಸ್ನಾನಕ್ಕೆ ಹದವಾಗುತ್ತಿತ್ತು ಎಂದರೆ ಯಾರೂ ಮರೆಯುವುದಿಲ್ಲ. ಅದೇ ಮನೆಯ ಗೋಡೆಯ ಹಲಗೆಗಳ ಮೇಲಿನ ಲೋಹದ ಹಾಳೆಯನ್ನು ಬಹುಕಾಲ ಬೆಳ್ಳಿಯೆಂದೇ ಭಾವಿಸಲಾಗಿತ್ತು. ಪರೀಕ್ಷಿಸಿದಾಗ ಪ್ಲಾಟಿನಂ ಎಂದು ತಿಳಿಯಿತು. ರಫ್ ಪಾಯಿಂಟ್ ಮನೆಯ ಒಡತಿ ಡೋರಿಸ್ ಡ್ಯೂಕ್ ಎರಡು ಒಂಟೆಗಳನ್ನು ಸಾಕಿದ್ದಳು. 1991ರ ಬಾಬ್ ಚಂಡಮಾರುತದ ಸಮಯದಲ್ಲಿ ಅವು ಆಶ್ರಯ ಪಡೆದದ್ದು ಆಕೆಯ ಗಾಜಿನ ಪಡಸಾಲೆಯಲ್ಲಿ.

ಇದಕ್ಕಿಂತ ಗಮನಾರ್ಹವಾದ ಬೆಳವಣಿಗೆ ಇನ್ನೊಂದು. ಮೊದಲ ದಶಕಗಳಲ್ಲಿ ತೋರಿಸುತ್ತಿದ್ದುದು ನೃತ್ಯಶಾಲೆ, ಭೋಜನಗೃಹ, ಒಡತಿಯ ಶಯನಾಗಾರ. ಬಂದವರು ನೋಡಿ, ಬೆರಗಾಗಿ ಹೋಗುತ್ತಿದ್ದರು. ನೋಡಿದ್ದನ್ನೇ ಮತ್ತೆ ನೋಡಲು ಬರುವವರು ಎಷ್ಟು ಮಂದಿ? ಎಲ್ಮ್ಸ್ ಮನೆಯಲ್ಲಿ ಈಗ ಸೇವಕರ ಬದುಕಿನ ಪ್ರತ್ಯೇಕ ಪ್ರವಾಸವಿದೆ, ಅದಕ್ಕೆ ಪ್ರತ್ಯೇಕ ಟಿಕೆಟೂ ಇದೆ. ಹಿಂಬಾಗಿಲಿನಿಂದ ಪ್ರವೇಶಿಸಿ, ಕಡಿದಾದ ಮೆಟ್ಟಿಲುಗಳನ್ನು ಹತ್ತಿ, ಬೀದಿಯಿಂದ ಕಾಣದಂತೆ ಮೇಲಂತಸ್ತಿನಲ್ಲಿ ಮರೆಮಾಡಿದ ಆಳುಗಳ ಕೋಣೆಗಳನ್ನು ನೋಡಿ, ನೆಲಮಾಳಿಗೆಯ ಬಾಯ್ಲರುಗಳ ಬಳಿಗೆ ಇಳಿಯಬೇಕು. ಅತಿಥಿಗಳ ಕಣ್ಣಿಗೆ ಬೀಳದಂತೆ ಕಲ್ಲಿದ್ದಲನ್ನು ಒಳಗೆ ತರಲು ನೆಲದಡಿಯಲ್ಲಿ ಸುರಂಗ ಕೊರೆದು ಕಂಬಿ ಹಾಕಲಾಗಿತ್ತು. 1902ರಲ್ಲಿ ಆಳುಗಳು ಕೆಲಸದ ವೇಳೆಯ ವಿಚಾರವಾಗಿ ಮುಷ್ಕರ ಹೂಡಿದಾಗ ಬರ್ವಿಂಡ್ ಎಲ್ಲರನ್ನೂ ಕೆಲಸದಿಂದ ತೆಗೆದುಹಾಕಿದನೆಂಬ ಪ್ರಸಂಗವನ್ನೂ ಇಲ್ಲಿ ಹೇಳಲಾಗುತ್ತದೆ. ಬ್ರೇಕರ್ಸ್ ಮಹಲಿನಲ್ಲೂ ನೆಲದಡಿಯ ಬಾಯ್ಲರು ಮನೆ, ಸುರಂಗಗಳನ್ನು ತೋರಿಸುವ ಪ್ರವಾಸ ಆರಂಭವಾಗಿದೆ. ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡದೆ, ಇದ್ದ ಕಟ್ಟಡದೊಳಗೇ ಎರಡನೆಯ ಸರಕನ್ನು ಹುಡುಕಿಕೊಂಡ ಜಾಣ್ಮೆ ಇದು. ನೋಡಬಂದವರಲ್ಲಿ ಅನೇಕರ ಅಜ್ಜಿಯರು ಪಾತ್ರೆ ತೊಳೆದವರೇ ಹೊರತು ವಜ್ರ ತೊಟ್ಟವರಲ್ಲ. ಅವರಿಗೆ ಹಿಂಬಾಗಿಲಿನ ಕಥೆಯೇ ಸ್ವಂತದ್ದು ಅನಿಸಿದರೆ ಆಶ್ಚರ್ಯವಿಲ್ಲ.

ಬಸ್ಸು ಓಷನ್ ಡ್ರೈವ್ ತಲುಪಿದ ಮೇಲೆ ಸ್ಥಿತಿ ತಿರುಗುತ್ತದೆ. ಬೇಲಿಗಳು ಹಿಂದೆ ಸರಿದು ಕಡಲು ಎದುರಾಗುತ್ತದೆ. ಇಲ್ಲಿ ಒಳ್ಳೆಯ ಮಾರ್ಗದರ್ಶಿ ಮಾತು ಕಡಿಮೆ ಮಾಡುತ್ತಾನೆ. ಬ್ರೆಂಟನ್ ಪಾಯಿಂಟಿನಲ್ಲಿ ಇಳಿದು ನಿಂತರೆ ಎದುರಿಗೆ ಅಟ್ಲಾಂಟಿಕ್ ಸಾಗರ, ತಲೆಯ ಮೇಲೆ ಗಾಳಿಪಟಗಳು. ಈ ಬಯಲೂ ಹಿಂದೆ ‘ದಿ ರೀಫ್’ ಎಂಬ ಮಹಲಿನ ಅಂಗಳವೇ. 1960ರಲ್ಲಿ ಬೆಂಕಿ ಬಿದ್ದು, ಬಳಿಕ ಕೆಡವಲ್ಪಟ್ಟ ಆ ಮನೆಯ ಜಾಗ ಇಂದು ರಾಜ್ಯದ ಉದ್ಯಾನ. ಜನ ಅತಿ ಹೆಚ್ಚು ಹೊತ್ತು ನಿಲ್ಲುವುದು ಮಹಲು ಇಲ್ಲದ ಈ ಜಾಗದಲ್ಲಿ ಎಂಬುದು ಸ್ವಾರಸ್ಯದ ಸಂಗತಿ.

ತೀರ ಯಾರದು?

ಹಣವಂತರು ಮನೆಗಳನ್ನು ಕಟ್ಟಿದರು, ಬೇಲಿಗಳನ್ನೂ ಹಾಕಿದರು. ಆದರೆ ಕಡಲ ಬದಿಯನ್ನು ಮುಚ್ಚಲಾಗಲಿಲ್ಲ. ರೋಡ್ ಐಲೆಂಡಿನ ಜನರಿಗೆ ತೀರದ ಮೇಲಿರುವ ಹಕ್ಕಿನ ಮೂಲ 1663ರ ರಾಜಶಾಸನದಷ್ಟು ಹಿಂದಕ್ಕೆ ಹೋಗುತ್ತದೆ. ಮೀನು ಹಿಡಿಯುವುದು, ಕಡಲಪಾಚಿ ಆಯುವುದು, ಈಜಲು ನೀರಿಗಿಳಿಯುವುದು, ತೀರದುದ್ದಕ್ಕೂ ನಡೆದುಹೋಗುವುದು ರಾಜ್ಯದ ಸಂವಿಧಾನದಲ್ಲೇ ಹೆಸರಿಸಲಾದ ಹಕ್ಕುಗಳು. ಮಹಲುಗಳ ಹಿತ್ತಿಲಿಗೂ ಬಂಡೆಗಳಿಗೂ ನಡುವೆ ಸಾಗುವ ಸುಮಾರು ಮೂರೂವರೆ ಮೈಲಿಯ ಕ್ಲಿಫ್ ವಾಕ್ ಕಾಲುದಾರಿ ಈ ಪರಂಪರೆಯ ಫಲ. ಟಿಕೆಟಿಲ್ಲ, ಗೇಟಿಲ್ಲ. ಒಂದು ಬದಿಯಲ್ಲಿ ವಾಂಡರ್‌ಬಿಲ್ಟರ ಹುಲ್ಲುಹಾಸು, ಇನ್ನೊಂದು ಬದಿಯಲ್ಲಿ ಸಮುದ್ರ. ಪುಕ್ಕಟೆ ದಾರಿಯಿಂದ ಟಿಕೆಟಿನ ವ್ಯಾಪಾರಕ್ಕೆ ನಷ್ಟವಲ್ಲವೇ ಎಂದು ಕೇಳಬಹುದು. ಆದದ್ದು ವಿಪರೀತ: ಹಿಂದಿನಿಂದ ಮನೆ ಕಂಡವನು ಮುಂದಿನ ಬಾಗಿಲಿಗೆ ಬಂದು ಟಿಕೆಟು ಕೊಳ್ಳುತ್ತಾನೆ.

ಕಾಲುದಾರಿ ಮುಗಿಯುವಲ್ಲಿ ಬೇಯ್ಲಿಸ್ ಬೀಚ್ ಇದೆ. ಸಿರಿವಂತರ ಖಾಸಗಿ ಕ್ಲಬ್ಬಿನದು. ಅದರ ಒಂದು ಅಂಚಿನ ಕಿರಿದಾದ ಮರಳು ಪಟ್ಟಿ ಸಾರ್ವಜನಿಕರಿಗೆ ಮುಕ್ತ. ಊರವರು ಅದಕ್ಕಿಟ್ಟ ಹೆಸರು ‘ರಿಜೆಕ್ಟ್ಸ್ ಬೀಚ್’, ತಿರಸ್ಕೃತರ ತೀರ. ಹಕ್ಕಿನ ಗೆರೆ ಎಲ್ಲಿದೆ ಎಂಬ ತಕರಾರು ಇನ್ನೂ ಹಳೆಯದು. 2023ರಲ್ಲಿ ರಾಜ್ಯ ಶಾಸನಸಭೆಯು ಕಾನೂನು ಮಾಡಿ, ಉಬ್ಬರದ ನೀರು ತಂದು ಹಾಕಿದ ಪಾಚಿಯ ಗೆರೆಯಿಂದ ನೆಲದ ಕಡೆಗೆ ಹತ್ತು ಅಡಿಯವರೆಗೆ ಸಾರ್ವಜನಿಕರು ನಡೆದಾಡಬಹುದೆಂದು ಗೊತ್ತುಪಡಿಸಿತು.

ದೃಶ್ಯವನ್ನು ಆದಾಯವಾಗಿಸುವುದು

ಬಸ್ಸಿನಿಂದ ನೋಡಿ ಸಂಜೆಗೆ ಹೊರಟುಹೋಗುವ ಪ್ರವಾಸಿಯಿಂದ ಊರಿಗೆ ಸಿಗುವುದು ಅತ್ಯಲ್ಪ. ಆತನನ್ನು ಒಂದು ರಾತ್ರಿ ನಿಲ್ಲಿಸುವುದೇ ಇಲ್ಲಿನ ವ್ಯಾಪಾರದ ಮರ್ಮ. ಸೊಸೈಟಿಯು ಒಂದೇ ಟಿಕೆಟಿನಲ್ಲಿ ಹಲವು ಮನೆಗಳನ್ನು ನೋಡುವ ಅನುಕೂಲ ಕಲ್ಪಿಸಿದೆ. ಒಂದು ಮನೆಗೆ ಗಂಟೆ, ಒಂದೂವರೆ ಗಂಟೆ ಬೇಕು; ಎರಡು ನೋಡುವಷ್ಟರಲ್ಲಿ ಕಾಲು ಸೋಲುತ್ತದೆ; ಮೂರನೆಯದಕ್ಕಾಗಿ ಮರುದಿನ ಉಳಿಯಬೇಕಾಗುತ್ತದೆ. ಅದರ ಲಾಭ ಹೋಟೆಲಿನವನಿಗೆ, ಊಟದ ಅಂಗಡಿಯವನಿಗೆ. ವಿಹಾರ ಹಡಗುಗಳಲ್ಲಿ ಬರುವವರ ವಿಷಯ ಬೇರೆ. ಹಡಗು ಬಂದರಿನಾಚೆ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ಜನರನ್ನು ದಡಕ್ಕೆ ಇಳಿಸುತ್ತದೆ. ಅವರ ಕೈಯಲ್ಲಿರುವುದು ಕೆಲವೇ ಗಂಟೆ. ಅವರಿಗೆ ಒಂದು ಸುತ್ತು, ಒಂದು ಮನೆ, ಒಂದು ಅಂಗಡಿ.

ಬೇಸಿಗೆಯಲ್ಲಿ ಗಾಳಿ ಬಂದಾಗ ತೂರಿಕೊಂಡರೂ ಚಳಿಗಾಲದ ಚಿಂತೆ ತಪ್ಪದು. ಅದಕ್ಕಾಗಿ ನವೆಂಬರಿನಿಂದ ಕ್ರಿಸ್ಮಸ್ ಅಲಂಕಾರ ಮಾಡಿ ಮಹಲುಗಳನ್ನು ತೆರೆದಿಡುವ ಪದ್ಧತಿ ಬೆಳೆದಿದೆ. ರೋಸ್‌ಕ್ಲಿಫ್ ಮನೆಯನ್ನು ಮದುವೆಗಳಿಗೆ ಬಾಡಿಗೆಗೆ ಕೊಡಲಾಗುತ್ತದೆ. 1974ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಚಲನಚಿತ್ರದ ಚಿತ್ರೀಕರಣ ಅಲ್ಲಿ ನಡೆದಿತ್ತು. 2022ರಲ್ಲಿ ಪ್ರಸಾರ ಆರಂಭಿಸಿದ ‘ದಿ ಗಿಲ್ಡೆಡ್ ಏಜ್’ ಎಂಬ ದೂರದರ್ಶನ ಧಾರಾವಾಹಿಗೂ ಇಲ್ಲಿನ ಮಹಲುಗಳು ರಂಗಸ್ಥಳವಾದವು.

ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸತಕ್ಕ ಉದಾಹರಣೆ ಒಂದು ಪಿಂಗಾಣಿ ಬಟ್ಟಲು. ಮಾರ್ಬಲ್ ಹೌಸಿನ ಒಡತಿ ಆಲ್ವಾ, ಗಂಡನಿಂದ ವಿಚ್ಛೇದನ ಪಡೆದು ಮರುಮದುವೆಯಾಗಿ, ಮುಂದೆ ಮಹಿಳೆಯರ ಮತದಾನದ ಹಕ್ಕಿನ ಚಳವಳಿಗೆ ಇಳಿದಳು. 1914ರಲ್ಲಿ ಅದೇ ಮನೆಯ ಅಂಗಳದಲ್ಲಿ ಆಕೆ ಸಭೆ ನಡೆಸಿದಾಗ ‘ಮಹಿಳೆಯರಿಗೆ ಮತ’ ಎಂಬ ಘೋಷಣೆ ಬರೆಸಿದ ಇಂಗ್ಲೆಂಡಿನ ಪಿಂಗಾಣಿ ಪಾತ್ರೆಗಳನ್ನು ಬಳಸಲಾಗಿತ್ತು. ಅವುಗಳ ಪ್ರತಿಕೃತಿಗಳನ್ನು ಸೊಸೈಟಿಯ ಮಳಿಗೆಗಳಲ್ಲಿ ಮಾರಲಾಗುತ್ತದೆ. ಬಟ್ಟಲು ಸಾಧಾರಣ ಬಟ್ಟಲೇ. ಆದರೆ ಅದರ ಹಿಂದಿನ ಪ್ರಸಂಗವನ್ನು ಅರ್ಧ ಗಂಟೆ ಮೊದಲು ಕೇಳಿಸಿಕೊಂಡು ಬಂದವನು ಬೆಲೆ ಚೌಕಾಶಿ ಮಾಡುವುದಿಲ್ಲ. ಊರ ಹೆಸರು ಮುದ್ರಿಸಿದ ಕೀಲಿಗೊಂಚಲಿಗೂ ಇದಕ್ಕೂ ಇರುವ ಅಂತರ ಅಷ್ಟೇ, ಮತ್ತು ಅದು ದೊಡ್ಡ ಅಂತರ.

ಒಡೆಯ, ಸಮುದ್ರ ಮತ್ತು ಮಾರ್ಗದರ್ಶಿ

ಈ ವಹಿವಾಟಿನ ದೌರ್ಬಲ್ಯವೂ ಸ್ಪಷ್ಟ. ಸರಕು ಪರರ ಕೈಯಲ್ಲಿದೆ. 1953ರ ಸೆಪ್ಟೆಂಬರ್ 12ರಂದು ಜಾನ್ ಕೆನಡಿ ಮತ್ತು ಜಾಕ್ವೆಲಿನ್ ಬೂವಿಯೆ ಅವರ ವಿವಾಹದ ಔತಣ ನಡೆದ ಹ್ಯಾಮರ್‌ಸ್ಮಿತ್ ಫಾರ್ಮ್ ಎರಡು ದಶಕಗಳ ಕಾಲ ಪ್ರವಾಸಿಗರಿಗೆ ತೆರೆದಿತ್ತು. 1999ರಲ್ಲಿ ಖಾಸಗಿಯವರಿಗೆ ಮಾರಾಟವಾದ ಬಳಿಕ ಬಾಗಿಲು ಮುಚ್ಚಿತು. ಅಂದಿನಿಂದ ಮಾರ್ಗದರ್ಶಿಗೆ ಉಳಿದದ್ದು ಹಾದುಹೋಗುತ್ತಾ ಆ ದಿಕ್ಕಿಗೆ ಕೈತೋರಿಸುವುದು ಮಾತ್ರ. ಬ್ರೇಕರ್ಸ್ ಆವರಣದಲ್ಲಿ ಸೊಸೈಟಿಯು ಸ್ವಾಗತ ಕೇಂದ್ರವೊಂದನ್ನು ಕಟ್ಟಲು ಮುಂದಾದಾಗ ನೆರೆಹೊರೆಯವರೂ ವಾಂಡರ್‌ಬಿಲ್ಟ್ ವಂಶಸ್ಥರಲ್ಲಿ ಕೆಲವರೂ ತೀವ್ರವಾಗಿ ವಿರೋಧಿಸಿದರು. ವಿವಾದ ವರ್ಷಗಟ್ಟಲೆ ನಡೆಯಿತು. ಕೇಂದ್ರ 2018ರಲ್ಲಿ ತೆರೆಯಿತು. ಅದೇ ವರ್ಷ, ಅಲ್ಲಿಯವರೆಗೂ ಮೇಲಂತಸ್ತಿನ ಕೋಣೆಗಳನ್ನು ಬಳಸುತ್ತಿದ್ದ ಕೌಂಟೆಸ್‌ನ ಮೊಮ್ಮಕ್ಕಳು ಮನೆ ತೆರವು ಮಾಡಿದರು. ಕೆಳಗೆ ಜನರು ಟಿಕೆಟು ಹಿಡಿದು ಸಾಗುತ್ತಿರುವಾಗ ಮೇಲೆ ಮನೆಯವರು ಬದುಕಿದ್ದ ಎಪ್ಪತ್ತು ವರ್ಷಗಳ ವಿಚಿತ್ರ ಒಡಂಬಡಿಕೆ ಅಲ್ಲಿಗೆ ಮುಗಿಯಿತು.

ಇನ್ನೊಬ್ಬ ಪಾಲುದಾರ ಸಮುದ್ರ. 2012ರ ಸ್ಯಾಂಡಿ ಚಂಡಮಾರುತ ಕ್ಲಿಫ್ ವಾಕ್‌ನ ಹಲವು ಭಾಗಗಳನ್ನು ಕಿತ್ತೊಗೆದಾಗ ದುರಸ್ತಿ ಮುಗಿಸಿ ಜನರನ್ನು ಬಿಡಲು 2014 ಬಂತು. 2022ರ ಮಾರ್ಚ್ 3ರಂದು, ನ್ಯಾರಗ್ಯಾನ್ಸೆಟ್ ಅವೆನ್ಯೂ ಸಮೀಪ ದಾರಿಯ ಒಂದು ತುಂಡು ದಂಡೆಯ ಸಮೇತ ಕುಸಿದು ಸಮುದ್ರಕ್ಕೆ ಬಿತ್ತು. ಪಟ್ಟಣದ ಆಡಳಿತವು ಬೇಲಿ ಹಾಕಿ, ನಡೆಯುವವರನ್ನು ಊರೊಳಗಿನ ಬೀದಿಗೆ ತಿರುಗಿಸಿತು. ಕಡಲು ನೋಡಲು ಬಂದವರು ಒಂದಷ್ಟು ದೂರ ಗೇಟುಗಳನ್ನೂ ಗಿಡಬೇಲಿಗಳನ್ನೂ ನೋಡುತ್ತಾ ನಡೆದು, ಮತ್ತೆ ಬಂಡೆಗಳ ದಾರಿಗೆ ಇಳಿಯಬೇಕಾಯಿತು.